ಕ್ಯಾಮರಾದ ಬಿಡಿಭಾಗಗಳೂ ತಯಾರಿಕೆಯ ಗುಣಮಟ್ಟವೂ: ಜಪಾನಿನ ಉದ್ಯಮದ ಒಂದು ಅಧ್ಯಾಯ

೧೯೫೭ರಲ್ಲಿ ಜಪಾನಿನಿಂದ ಹೊರಬಂದ ಯಾಶಿಕಾ-ಮ್ಯಾಟ್ ಎಂಬ ಜೋಡಿಮಸೂರದ ಕ್ಯಾಮರಾ ಬಹಳ ಪ್ರಸಿದ್ಧವಾದುದು. ನಮ್ಮ ಊರುಗಳ ಹಳೆಯ ಛಾಯಾಚಿತ್ರಶಾಲೆಗಳಲ್ಲಿ ಈ ಜಾತಿಯ ಯಂತ್ರಗಳನ್ನು ಬಳಸಿದವರು ಇನ್ನೂ ಇದ್ದಾರೆ. ಅದರ ಮುಖವನ್ನು ನಿಧಾನವಾಗಿ ಓದಿದರೆ ಅಲ್ಲಿ ಒಂದಲ್ಲ, ಮೂರು ಹೆಸರುಗಳು ಕಾಣಸಿಗುವುವು. ನೆತ್ತಿಯ ಮೇಲಿನ ಹೆಸರು ಕ್ಯಾಮರಾದ್ದು. ಮಸೂರದ ಸುತ್ತಣ ಬಳೆಯಲ್ಲಿ ಯಾಶಿನಾನ್ ಎಂದಿದೆ. ಈ ಹೆಸರು ಯಾಶಿಕಾ ಸಂಸ್ಥೆಯದೇ ಆದರೂ ಮಸೂರವನ್ನು ಅರೆದು ಸಿದ್ಧಪಡಿಸಿದುದು ತೊಮಿಯೋಕಾ ಎಂಬ ಬೇರೊಂದು ಸಂಸ್ಥೆ. ಮೂರನೆಯದು ಕೋಪಾಲ್, ಇದು ಷಟರನ್ನು ಮಾಡಿಕೊಟ್ಟ ಸಂಸ್ಥೆಯ ಹೆಸರು. ಹಾಗಾದರೆ ಈ ಕ್ಯಾಮರಾವನ್ನು ತಯಾರಿಸಿದವರು ಯಾರು ಎಂಬ ಪ್ರಶ್ನೆ ಮೇಲುನೋಟಕ್ಕೆ ತೋರುವಷ್ಟು ಸುಲಭವಾದುದಲ್ಲ.

ಈಚೆಗೆ ಹೊರಗುತ್ತಿಗೆಯೆಂಬ ಹೆಸರಿನಿಂದ ಪರಿಚಿತವಾಗಿರುವ ಈ ಪದ್ಧತಿಯ ವಿಷಯದಲ್ಲಿ ಸಾಮಾನ್ಯವಾಗಿ ಒಂದು ನಂಬಿಕೆ ಬೇರೂರಿದೆ. ಎಲ್ಲ ಭಾಗಗಳನ್ನೂ ತನ್ನ ಛಾವಣಿಯ ಕೆಳಗೇ ಮಾಡಿಕೊಳ್ಳುವ ಕಾರ್ಖಾನೆಯ ವಸ್ತು ಉತ್ತಮ, ಹೊರಗಿನಿಂದ ಭಾಗಗಳನ್ನು ತರಿಸಿ ಜೋಡಿಸುವ ಕಾರ್ಖಾನೆಯ ವಸ್ತು ಕಳಪೆ ಎಂಬುದೇ ಆ ನಂಬಿಕೆ. ಕ್ಯಾಮರಾ ಉದ್ಯಮದ ಇತಿಹಾಸವನ್ನು ಬರೆದವರಲ್ಲಿಯೂ ಹಲವರು ಇದನ್ನು ಪರಿಶೀಲಿಸದೆ ಅಂಗೀಕರಿಸಿದ್ದಾರೆ. ಆದರೆ ಜಪಾನಿನ ಉದ್ಯಮ ಹುಟ್ಟಿನಿಂದಲೇ ಪರರ ಬಿಡಿಭಾಗಗಳನ್ನು ನೆಚ್ಚಿಕೊಂಡು ಬೆಳೆಯಿತು. ಆದಾಗ್ಯೂ ಜರ್ಮನಿಯ ಉದ್ಯಮವನ್ನು ಹಿಂದೆ ಹಾಕಿತು. ಭಾಗವು ಎಲ್ಲಿ ತಯಾರಾಯಿತೆಂಬುದಕ್ಕಿಂತ, ಬಂದ ಭಾಗವನ್ನು ಪರೀಕ್ಷಿಸಿ ಬೇಡವೆನ್ನುವ ತಿಳಿವಳಿಕೆ ಮತ್ತು ಅಧಿಕಾರ ಯಾರಲ್ಲಿತ್ತೆಂಬುದೇ ಗುಣಮಟ್ಟವನ್ನು ನಿರ್ಣಯಿಸಿತೆಂದು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ.

ಕ್ಯಾಮರಾ ಬಿಡಿಭಾಗಗಳಾಗಿ ಒಡೆಯಲು ತಕ್ಕ ವಸ್ತುವೆಂಬುದನ್ನು ಮೊದಲು ಗಮನಿಸಬೇಕು. ಅದರಲ್ಲಿ ಮೂರು ಕಸಬುಗಳು ಕೂಡಿವೆ. ಮಸೂರ ಗಾಜಿನವರ ಕೆಲಸ. ಷಟರ್ ಗಡಿಯಾರದವರ ಕೆಲಸ. ಒಡಲು ಎರಕ ಮತ್ತು ತಗಡಿನವರ ಕೆಲಸ. ಷಟರ್ ಗಡಿಯಾರದವರ ಕೆಲಸವೆಂದುದು ಬರಿಯ ಹೋಲಿಕೆಯಲ್ಲ. ಸೆಕೆಂಡಿನ ಹತ್ತನೆಯ ಒಂದು ಭಾಗದಂತಹ ನಿಧಾನದ ವೇಗಗಳನ್ನು ಅಳೆಯುವುದು ಅದರೊಳಗಿನ ಪುಟ್ಟ ಹಲ್ಲುಗಾಲಿಗಳ ಸಾಲು. ಆದ್ದರಿಂದಲೇ ಜಪಾನಿನಲ್ಲಿ ಷಟರುಗಳನ್ನು ಮಾಡಿದವರಲ್ಲಿ ಸೈಕೋಶಾ, ಸಿಟಿಜನ್ ಮೊದಲಾದ ಗಡಿಯಾರದ ಮನೆತನಗಳು ಮುಂದಾಗಿದ್ದುವು. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಗೆ ೧೯೬೧ರಲ್ಲಿ ಸಹಯೋಗವಿತ್ತ ಸಿಟಿಜನ್ ಸಂಸ್ಥೆಯೇ ಈ ಸಿಟಿಜನ್ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬಹುದು.

ಈ ಕಸಬುಗಳ ವಿಂಗಡಣೆಗೆ ಮೇಲ್ಪಂಕ್ತಿ ಹಾಕಿದುದು ಜರ್ಮನಿ. ಮ್ಯೂನಿಚ್ ನಗರದ ಡೆಕೆಲ್ ಸಂಸ್ಥೆ ೧೯೧೨ರಲ್ಲಿ ಹೊರತಂದ ಕಾಂಪೂರ್ ಷಟರ್ ಮುಂದಿನ ಹಲವು ದಶಕಗಳ ಕಾಲ ನಾನಾ ಸಂಸ್ಥೆಗಳ ಕ್ಯಾಮರಾಗಳಲ್ಲಿ ಕುಳಿತಿತು. ೧೯೨೯ರಲ್ಲಿ ಬ್ರೌನ್‌ಶ್ವೈಗಿನ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆ ತಯಾರಿಸಿದ ರೋಲಿಫ್ಲೆಕ್ಸ್ ಕ್ಯಾಮರಾದ ಮಸೂರ ಜೈಸ್ ಸಂಸ್ಥೆಯದು, ಷಟರ್ ಡೆಕೆಲ್ ಸಂಸ್ಥೆಯದು. ರೋಲಿಫ್ಲೆಕ್ಸ್ ಕಳಪೆಯೆಂದು ಯಾರೂ ಹೇಳಲಿಲ್ಲ. ಇದಕ್ಕೆ ಎದುರು ನಿಂತುದು ವೆಟ್ಸ್ಲಾರಿನ ಲೈಟ್ಸ್ ಸಂಸ್ಥೆ. ೧೯೨೫ರಲ್ಲಿ ಮಾರುಕಟ್ಟೆಗೆ ಬಂದ ಅದರ ಲೈಕಾದಲ್ಲಿ ಮಸೂರವೂ ಷಟರೂ ಒಡಲೂ ಸ್ವಂತದವೇ. ಆದರೆ ಈ ಸ್ವಾವಲಂಬನೆಯ ಹಿಂದೆ ಯಂತ್ರರಚನೆಯ ಕಾರಣವೂ ಇತ್ತೆಂಬುದನ್ನು ಮರೆಯುವಂತಿಲ್ಲ. ಕಾಂಪೂರ್ ಜಾತಿಯ ಎಸಳು-ಷಟರ್ ಮಸೂರದ ನಡುವೆ ಕುಳಿತಿರುವುದರಿಂದ ಅದನ್ನು ಹೊರಗೆ ಮಾಡಿಸಿ ತಂದು ತಿರುಪಿ ಕೂಡಿಸಬಹುದು. ಲೈಕಾದ ಬಟ್ಟೆಯ ಪರದೆಯ ಷಟರಾದರೋ ಫಿಲ್ಮಿನ ಮುಂದೆ ಒಡಲಿನೊಳಗೆ ಹೆಣೆದುಕೊಂಡಿರುವುದು. ಒಡಲಿನಿಂದ ಬೇರ್ಪಡಿಸಿದರೆ ಅದು ಷಟರಾಗಿ ಉಳಿಯುವುದಿಲ್ಲ. ಈ ವ್ಯತ್ಯಾಸ ಮುಂದೆ ನಿಕಾನ್ ಕ್ಯಾಮರಾಗಳ ಚರ್ಚೆಯಲ್ಲಿ ಮುಖ್ಯವಾಗಲಿದೆ.

ಜಪಾನಿನ ಕಥೆ ಲೈಕಾದಿಂದಲೇ ಆರಂಭವಾಗುವುದು ಸ್ವಾರಸ್ಯಕರ. ಯೋಶಿದಾ ಗೊರೊ ಎಂಬ ಕುಶಲಿ ಒಂದು ಲೈಕಾವನ್ನು ಬಿಚ್ಚಿ ನೋಡಿ, ಅದರೊಳಗೆ ವಜ್ರವೇನೂ ಇಲ್ಲ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ, ರಬ್ಬರುಗಳೇ ಇವೆ, ಇಂತಹ ಅಗ್ಗದ ಸಾಮಗ್ರಿಯನ್ನು ಕೂಡಿಸಿದ ಮಾತ್ರಕ್ಕೆ ಇಷ್ಟೊಂದು ಬೆಲೆಯೇ ಎಂದು ಬೆರಗಾದನೆಂದು ಮುಂದೆ ತಾನೇ ಹೇಳಿಕೊಂಡಿದ್ದಾನೆ. ಈ ಬೆರಗು ಒಂದು ಉದ್ಯಮದ ಬೀಜವಾಯಿತು. ಆದರೆ ಅದರಲ್ಲಿ ಅರ್ಧ ಸತ್ಯ ಮಾತ್ರ ಇದೆಯೆನ್ನಬೇಕು. ಹಿತ್ತಾಳೆ ಅಗ್ಗವಾಗಿರಬಹುದು, ಅದನ್ನು ನೂರನೆಯ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಕೊರೆಯುವ ಕೈ ಅಗ್ಗವಲ್ಲ. ೧೯೩೩ರಲ್ಲಿ ಯೋಶಿದಾ ಮತ್ತು ಅವನ ಸಂಗಡಿಗರು ಟೋಕಿಯೋದ ರೊಪ್ಪೋಂಗಿಯಲ್ಲಿ ಸೂಕ್ಷ್ಮ ದೃಗುಪಕರಣಗಳ ಪ್ರಯೋಗಶಾಲೆಯೊಂದನ್ನು ತೆರೆದರು. ಮರುವರ್ಷ ಬೌದ್ಧರ ಕರುಣಾದೇವತೆಯ ಹೆಸರಿನಲ್ಲಿ ಕ್ವಾನಾನ್ ಎಂಬ ಮಾದರಿಗಳನ್ನು ಪ್ರಕಟಿಸಿದರು. ಇದೇ ಮುಂದೆ ಕ್ಯಾನನ್ ಆದ ಸಂಸ್ಥೆ.

ಒಡಲನ್ನೂ ಷಟರನ್ನೂ ಈ ಪುಟ್ಟ ಸಂಸ್ಥೆ ಹೇಗೋ ಮಾಡಿಕೊಂಡಿತು. ಮಸೂರ ಮಾಡುವ ಶಕ್ತಿ ಅದಕ್ಕಿರಲಿಲ್ಲ. ಆಗ ಅದು ಮೊರೆಹೊಕ್ಕುದು ೧೯೧೭ರಲ್ಲಿ ಸ್ಥಾಪಿತವಾಗಿದ್ದ ನಿಪ್ಪಾನ್ ಕೊಗಾಕು ಸಂಸ್ಥೆಯನ್ನು, ಅಂದರೆ ಇಂದಿನ ನಿಕಾನ್ ಸಂಸ್ಥೆಯನ್ನು. ೧೯೩೬ರ ಹೊತ್ತಿಗೆ ಮಾರಾಟಕ್ಕೆ ಬಂದ ಹಾನ್ಸಾ ಕ್ಯಾನನ್ ಕ್ಯಾಮರಾದಲ್ಲಿ ೫೦ ಮಿಲಿಮೀಟರಿನ ನಿಕ್ಕೋರ್ ಮಸೂರ, ಅದನ್ನು ಕೂಡಿಸುವ ಬಳೆ, ದೂರಮಾಪಕದ ಯಂತ್ರಭಾಗ ಇವೆಲ್ಲ ನಿಪ್ಪಾನ್ ಕೊಗಾಕು ಒದಗಿಸಿದವು. ಹಾನ್ಸಾ ಎಂಬ ಹೆಸರು ಅದನ್ನು ಮಾರಿದ ವರ್ತಕರದು. ಮುಂದೆ ಕಟ್ಟಾ ಪ್ರತಿಸ್ಪರ್ಧಿಗಳಾದ ಎರಡು ಸಂಸ್ಥೆಗಳು ಮೊದಲ ಕ್ಯಾಮರಾವನ್ನು ಹೀಗೆ ಒಂದೇ ತೊಟ್ಟಿಲಲ್ಲಿ ತೂಗಿದುವು. ಕ್ಯಾಮರಾದ ಬೆಲೆಯಲ್ಲಿಯೂ ಕೀರ್ತಿಯಲ್ಲಿಯೂ ಮುಖ್ಯವಾದ ಮಸೂರವೇ ಹೊರಗಿನದಾಗಿದ್ದುದರಿಂದ ಕ್ಯಾನನ್ ಸಂಸ್ಥೆ ಕೆಲವು ವರ್ಷಗಳಲ್ಲಿಯೇ ಸ್ವಂತ ಮಸೂರಗಳ ತಯಾರಿಕೆಗೆ ತೊಡಗಿತು. ನಿಪ್ಪಾನ್ ಕೊಗಾಕು ತನ್ನದೇ ಆದ ಕ್ಯಾಮರಾವನ್ನು ನಿಕಾನ್ ಎಂಬ ಹೆಸರಿನಲ್ಲಿ ಹೊರತಂದುದು ೧೯೪೮ರಲ್ಲಿ.

ಯುದ್ಧಾನಂತರದ ಜಪಾನಿಗೆ ವಿದೇಶೀ ನಾಣ್ಯದ ಅವಶ್ಯಕತೆ ಅತ್ಯಂತ ತೀವ್ರವಾಗಿತ್ತು. ಕ್ಯಾಮರಾ ರಫ್ತಿಗೆ ಹೇಳಿಮಾಡಿಸಿದ ಸರಕು. ಆದರೆ ಜಪಾನಿನ ಸರಕೆಂದರೆ ಅಗ್ಗದ ಅನುಕರಣವೆಂಬ ಅಪಕೀರ್ತಿ ಯುದ್ಧಪೂರ್ವದಿಂದಲೂ ಅಂಟಿಕೊಂಡಿತ್ತು. ಆ ಅಪಕೀರ್ತಿಯನ್ನು ಮೊದಲು ತೊಡೆಯತೊಡಗಿದುದು ಇಡೀ ಕ್ಯಾಮರಾವಲ್ಲ, ಒಂದು ಬಿಡಿಭಾಗ. ೧೯೫೦ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿ ನಿಕ್ಕೋರ್ ಮಸೂರಗಳನ್ನು ಪರೀಕ್ಷಿಸಿ ನೋಡಿ, ಅವನ್ನು ತನ್ನ ಜರ್ಮನ್ ಕ್ಯಾಮರಾಗಳಿಗೆ ತೊಡಿಸಿಕೊಂಡು ಕೊರಿಯಾದ ಯುದ್ಧಕ್ಕೆ ಹೋದನು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಮಸೂರಗಳ ಗುಣವನ್ನು ಕುರಿತು ಬರೆಯಿತು. ಜರ್ಮನಿಯ ಒಡಲು, ಜಪಾನಿನ ಕಣ್ಣು. ಜಪಾನಿನ ಉದ್ಯಮದ ಕೀರ್ತಿ ಪಶ್ಚಿಮವನ್ನು ಮುಟ್ಟಿದುದು ಈ ಮಿಶ್ರರೂಪದಲ್ಲಿ.

ಇತ್ತ ಸ್ವದೇಶದಲ್ಲಿ ಜೋಡಿಮಸೂರದ ಕ್ಯಾಮರಾಗಳ ಸುಗ್ಗಿ ಮೊದಲಾಗಿತ್ತು. ೧೯೫೦ರ ರಿಕೋಫ್ಲೆಕ್ಸ್ ಕ್ಯಾಮರಾ ಅಗ್ಗದ ಬೆಲೆಯಿಂದ ಜನರಲ್ಲಿ ಹುಚ್ಚೆಬ್ಬಿಸಿತು. ಅದರ ಬೆನ್ನಲ್ಲೇ ಹತ್ತಾರು ಸಣ್ಣ ತಯಾರಕರು ತಲೆಯೆತ್ತಿದರು. ಮಸೂರವನ್ನು ಒಬ್ಬನಿಂದ, ಷಟರನ್ನು ಇನ್ನೊಬ್ಬನಿಂದ, ಒಡಲನ್ನು ಮತ್ತೊಬ್ಬನಿಂದ ಕೊಂಡು, ಮನೆಯ ಕೋಣೆಯಲ್ಲಿ ಕುಳಿತು ಜೋಡಿಸಿ, ಇಂಗ್ಲಿಷ್ ವರ್ಣಮಾಲೆಯ ಯಾವುದಾದರೊಂದು ಅಕ್ಷರದಿಂದ ಮೊದಲಾಗುವ ಹೆಸರನ್ನು ಕೊರೆದು ಮಾರುವುದು ಅವರ ಕ್ರಮ. ಆ ವರ್ಣಮಾಲೆಯ ಬಹುತೇಕ ಅಕ್ಷರಗಳೂ ಹೀಗೆ ಖರ್ಚಾಗಿಹೋದುವೆಂಬುದು ಕ್ಯಾಮರಾ ಸಂಗ್ರಾಹಕರಲ್ಲಿ ಪ್ರಸಿದ್ಧವಾದ ಮಾತು. ಇವರನ್ನು ಜಪಾನೀಯರು ನಾಲ್ಕೂವರೆ ಚಾಪೆಯ ತಯಾರಕರೆಂದು ಕರೆದರು. ಕೋಣೆಯ ಅಳತೆಯನ್ನು ನೆಲಕ್ಕೆ ಹಾಸುವ ಚಾಪೆಗಳ ಸಂಖ್ಯೆಯಿಂದ ಹೇಳುವುದು ಆ ದೇಶದ ರೂಢಿ. ನಾಲ್ಕೂವರೆ ಚಾಪೆಯೆಂದರೆ ಚಿಕ್ಕ ಕೋಣೆ.

ಇವರ ಕ್ಯಾಮರಾಗಳಲ್ಲಿ ಒಳ್ಳೆಯವೂ ಇದ್ದುವು, ಕೆಟ್ಟವೂ ಇದ್ದುವು. ಬಿಡಿಭಾಗಗಳು ಒಂದೇ ಮೂಲದಿಂದ ಬಂದಿದ್ದಾಗಲೂ ಹೀಗಾಗಲು ಕಾರಣವೇನು? ಜೋಡಿಮಸೂರದ ಕ್ಯಾಮರಾದಲ್ಲಿ ಮೇಲಿನ ಮಸೂರ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಇವೆರಡರ ಸಂಗಮದೂರ ಸರಿಯಾಗಿ ಹೊಂದದಿದ್ದರೆ ಗಾಜಿನ ಮೇಲೆ ಸ್ಪಷ್ಟವಾಗಿ ಕಂಡುದು ಫಿಲ್ಮಿನ ಮೇಲೆ ಮಸುಕಾಗುವುದು. ಎರಡು ಮಸೂರಗಳೂ ಒಂದೊಂದಾಗಿ ನಿರ್ದುಷ್ಟವಾಗಿರಬಹುದು; ಜೋಡಿ ಮಾತ್ರ ದೋಷಯುಕ್ತವಾಗಿರಬಹುದು. ಇದನ್ನು ಕಂಡುಹಿಡಿಯಲು ಅಳತೆಯ ಉಪಕರಣವೂ ಅದನ್ನು ಬಳಸಬಲ್ಲವನೂ ಬೇಕು, ತಪ್ಪಾದ ಜೋಡಿಯನ್ನು ಬದಿಗಿಡುವಷ್ಟು ಬಂಡವಾಳವೂ ಬೇಕು. ನಾಲ್ಕೂವರೆ ಚಾಪೆಯವನಲ್ಲಿ ಕೈಚಳಕವಿದ್ದರೂ ಇವು ಮೂರೂ ಸಾಮಾನ್ಯವಾಗಿ ಇರಲಿಲ್ಲ. ಕೊಂಡುದೆಲ್ಲವನ್ನೂ ಅವನು ಜೋಡಿಸಲೇಬೇಕಾಗಿತ್ತು, ಜೋಡಿಸಿದುದೆಲ್ಲವನ್ನೂ ಮಾರಲೇಬೇಕಾಗಿತ್ತು.

ಇದೇ ಕಾಲದಲ್ಲಿ ಯಾಶಿಕಾ ಹಿಡಿದ ದಾರಿ ಬೇರೆ. ೧೯೪೯ರಲ್ಲಿ ನಾಗಾನೋ ಪ್ರಾಂತದ ಸುವಾದಲ್ಲಿ ಹುಟ್ಟಿದಾಗ ಅದರ ಹೆಸರು ಯಾಶಿಮಾ. ಅದರ ಕೆಲಸ ಪರರಿಗಾಗಿ ಗಡಿಯಾರದ ಬಿಡಿಭಾಗಗಳನ್ನು ಮಾಡಿಕೊಡುವುದು. ೧೯೫೩ರಲ್ಲಿ ಅದು ಜೋಡಿಮಸೂರದ ಕ್ಯಾಮರಾಕ್ಕೆ ಕೈಹಾಕಿತು. ಬಿಡಿಭಾಗ ಮಾಡಿಕೊಡುವವನಾಗಿದ್ದವನು ಬಿಡಿಭಾಗ ಕೊಳ್ಳುವವನಾದಾಗ ಅವನಿಗೆ ಒಂದು ಅನುಕೂಲವುಂಟು: ಮಾಡಿಕೊಡುವವನು ಎಲ್ಲಿ ಕೈ ಬಿಗಿಹಿಡಿಯುತ್ತಾನೆ, ಎಲ್ಲಿ ಕಣ್ಣು ಮುಚ್ಚುತ್ತಾನೆ ಎಂಬುದು ಅವನಿಗೆ ಗೊತ್ತು. ಯಾಶಿಕಾ ಬೆಳೆದುದಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೆ ತನಗೆ ಮಸೂರ ಒದಗಿಸುತ್ತಿದ್ದ ತೊಮಿಯೋಕಾ ಸಂಸ್ಥೆಯನ್ನೇ ಅದು ೧೯೬೮ರಲ್ಲಿ ತನ್ನಲ್ಲಿ ಸೇರಿಸಿಕೊಂಡಿತೆಂಬುದು ಗಮನಾರ್ಹ.

ಸಣ್ಣವರಿಗೆ ಇಲ್ಲದ ಪರೀಕ್ಷಾಶಕ್ತಿಯನ್ನು ಇಡೀ ಉದ್ಯಮ ಒಟ್ಟಾಗಿ ಕಟ್ಟಿಕೊಂಡುದು ಈ ಇತಿಹಾಸದ ಅತಿಮುಖ್ಯ ಘಟ್ಟವೆಂದು ನಮ್ಮ ಅಭಿಪ್ರಾಯ. ೧೯೫೪ರಲ್ಲಿ ಜಪಾನ್ ಕ್ಯಾಮರಾ ತನಿಖಾ ಸಂಸ್ಥೆ ಸ್ಥಾಪಿತವಾಯಿತು. ೧೯೫೭ರ ರಫ್ತು ತನಿಖಾ ಕಾನೂನು ಇಂತಹ ವ್ಯವಸ್ಥೆಗೆ ಇನ್ನಷ್ಟು ಬಲವಿತ್ತಿತು. ಹೊರದೇಶಕ್ಕೆ ಹೋಗುವ ಕ್ಯಾಮರಾಗಳ ಗುಂಪಿನಿಂದ ಮಾದರಿಗಳನ್ನು ಆಯ್ದು ಪರೀಕ್ಷಿಸುವುದು, ತೇರ್ಗಡೆಯಾದ ಸರಕಿಗೆ ಹೊಂಬಣ್ಣದ ಮೊಟ್ಟೆಯಾಕಾರದ ಚಿಕ್ಕ ಚೀಟಿಯನ್ನು ಅಂಟಿಸುವುದು ಅದರ ಕ್ರಮವಾಗಿತ್ತು. ಹಳೆಯ ಜಪಾನೀ ಕ್ಯಾಮರಾಗಳಲ್ಲಿ ಈ ಚೀಟಿ ಇಂದಿಗೂ ಕಾಣಸಿಗುವುದುಂಟು. ದೊಡ್ಡ ಸಂಸ್ಥೆಯ ಕ್ಯಾಮರಾವಾಗಲಿ ಕೋಣೆಯಲ್ಲಿ ಜೋಡಿಸಿದ ಕ್ಯಾಮರಾವಾಗಲಿ ರಫ್ತಾಗಬೇಕಾದರೆ ಒಂದೇ ಹೊಸ್ತಿಲನ್ನು ದಾಟಬೇಕಾಯಿತು. ಅನೇಕ ಸಣ್ಣ ತಯಾರಕರು ಮುಂದಿನ ವರ್ಷಗಳಲ್ಲಿ ಕಣ್ಮರೆಯಾದರು. ತನಿಖೆಯೊಂದೇ ಇದಕ್ಕೆ ಕಾರಣವಲ್ಲ. ಜೋಡಿಮಸೂರದ ಕ್ಯಾಮರಾದ ಬೇಡಿಕೆಯೇ ಇಳಿಮುಖವಾಗಿತ್ತು. ಆದರೆ ಈ ವ್ಯವಸ್ಥೆಯ ಲಾಭ ದೊಡ್ಡವರಿಗೆ ಹೆಚ್ಚು, ಹೊರೆ ಸಣ್ಣವರಿಗೆ ಹೆಚ್ಚು ಎಂಬುದನ್ನು ಮರೆಮಾಚಿ ಇದನ್ನು ಹೊಗಳುವುದು ನ್ಯಾಯವಲ್ಲ.

ಕೊನೆಯಲ್ಲಿ ಪರೀಕ್ಷಿಸುವುದರಿಂದ ಗುಣ ಹುಟ್ಟುವುದಿಲ್ಲ, ಅದು ತಯಾರಿಕೆಯ ಹಂತಹಂತದಲ್ಲಿಯೂ ಕೂಡಿಬರಬೇಕು ಎಂದು ೧೯೫೦ರಲ್ಲಿ ಜಪಾನಿಗೆ ಬಂದು ಉಪನ್ಯಾಸ ಮಾಡಿದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಬೋಧಿಸಿದನಷ್ಟೆ. ಈ ಮಾತು ನಮ್ಮ ವಾದಕ್ಕೆ ವಿರುದ್ಧವೆಂದು ತೋರಬಹುದು. ವಸ್ತುತಃ ಹಾಗಲ್ಲ. ರಫ್ತಿನ ಹೊಸ್ತಿಲಲ್ಲಿ ನಿಂತ ತನಿಖೆ ಕೆಟ್ಟುದನ್ನು ತಡೆಯಬಲ್ಲುದೇ ಹೊರತು ಒಳ್ಳೆಯದನ್ನು ಮಾಡಲಾರದು. ಒಳ್ಳೆಯದಾಗಬೇಕಾದರೆ ಕೊಳ್ಳುವ ಸಂಸ್ಥೆಗೂ ಒದಗಿಸುವ ಸಂಸ್ಥೆಗೂ ನಡುವೆ ಬಹುಕಾಲದ, ಪರಸ್ಪರ ತಿದ್ದುವ ಸಂಬಂಧ ಬೇಕು. ಇದಕ್ಕೆ ನಿಪ್ಪಾನ್ ಕೊಗಾಕು ಸಂಸ್ಥೆಯ ಅರವತ್ತರ ದಶಕದ ಅನುಭವಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

೧೯೫೯ರ ನಿಕಾನ್ ಎಫ್ ಕ್ಯಾಮರಾ ವೃತ್ತಿಪರರ ಮನ್ನಣೆ ಗಳಿಸಿತು, ಆದರೆ ಅದರ ಬೆಲೆ ಸಾಮಾನ್ಯರಿಗೆ ಎಟುಕುವಂತಿರಲಿಲ್ಲ. ಅಗ್ಗದ ಕ್ಯಾಮರಾಗಳಿಗಾಗಿ ಸಂಸ್ಥೆ ನಿಕ್ಕೋರೆಕ್ಸ್ ಎಂಬ ಹೊಸ ಹೆಸರನ್ನು ಹುಟ್ಟುಹಾಕಿತು. ೧೯೬೦ರ ನಿಕ್ಕೋರೆಕ್ಸ್ ೩೫ ಎಂಬ ಕ್ಯಾಮರಾದಲ್ಲಿದ್ದುದು ಸಿಟಿಜನ್ ಸಂಸ್ಥೆಯ ಎಸಳು-ಷಟರ್. ಅದು ಮೇಲಿಂದ ಮೇಲೆ ತೊಂದರೆ ಕೊಟ್ಟಿತು. ೧೯೬೨ರ ಎರಡನೆಯ ಮಾದರಿಯಲ್ಲಿ ಸೈಕೋಶಾ ಷಟರನ್ನು ಬಳಸಲಾಯಿತು. ದೋಷವನ್ನೆಲ್ಲ ಸಿಟಿಜನ್ ಸಂಸ್ಥೆಯ ತಲೆಗೆ ಕಟ್ಟುವುದು ಅನುಚಿತ. ದರ್ಪಣವಿರುವ ಕ್ಯಾಮರಾದಲ್ಲಿ ಎಸಳು-ಷಟರ್ ನೋಡುವಾಗ ತೆರೆದಿರಬೇಕು, ಗುಂಡಿಯೊತ್ತಿದೊಡನೆ ಮುಚ್ಚಬೇಕು, ದರ್ಪಣ ಮೇಲೆದ್ದ ಮೇಲೆ ತೆರೆದು ಮತ್ತೆ ಮುಚ್ಚಬೇಕು. ಒಡಲಿನ ಯಂತ್ರವೂ ಷಟರಿನ ಯಂತ್ರವೂ ಹೆಜ್ಜೆಹೆಜ್ಜೆಗೆ ಕೈಹಿಡಿದು ನಡೆಯಬೇಕಾದ ಇಂತಹ ಕಡೆ ಎರಡನ್ನೂ ಎರಡು ಮನೆಗಳಲ್ಲಿ ಮಾಡಿಸುವುದೇ ಅಪಾಯಕರ.

೧೯೬೨ರ ನಿಕ್ಕೋರೆಕ್ಸ್ ಎಫ್ ಇದಕ್ಕಿಂತ ಬೇರೆ ಬಗೆಯದು. ನಿಕಾನ್ ಎಫ್ ಕ್ಯಾಮರಾದ ಮಸೂರಗಳನ್ನೇ ಇದಕ್ಕೂ ತೊಡಿಸಬಹುದಾಗಿತ್ತು. ಆದರೆ ಇದರ ತಯಾರಿಕೆಯನ್ನು ಮಾಮಿಯಾ ಸಂಸ್ಥೆಗೆ ವಹಿಸಲಾಗಿತ್ತು. ಷಟರನ್ನು ಕೋಪಾಲ್ ಸಂಸ್ಥೆ ಒದಗಿಸಿತು. ಈ ಷಟರಿನ ಹೆಸರು ಕೋಪಾಲ್ ಸ್ಕ್ವೇರ್. ಇದರ ಪೂರ್ವಜ ೧೯೬೦ರ ಕೋನಿಕಾ ಎಫ್ ಕ್ಯಾಮರಾದಲ್ಲಿ ಕಾಣಿಸಿಕೊಂಡಿತ್ತು. ಆ ಕ್ಯಾಮರಾ ದುಬಾರಿಯಾದುದರಿಂದ ಹೆಚ್ಚು ತಯಾರಾಗಲಿಲ್ಲ. ಲೋಹದ ಎಲೆಗಳು ಅಡ್ಡಡ್ಡವಾಗಿ ಓಡದೆ ಮೇಲಿಂದ ಕೆಳಕ್ಕೆ ಇಳಿಯುವುದು ಇದರ ವೈಶಿಷ್ಟ್ಯ. ಚಿತ್ರದ ಚೌಕಟ್ಟಿನ ಅಗಲ ೩೬ ಮಿಲಿಮೀಟರ್, ಎತ್ತರ ೨೪. ಓಡುವ ದೂರ ಕಡಿಮೆಯಾದುದರಿಂದ ಮಿಂಚುದೀಪದೊಡನೆ ಸೆಕೆಂಡಿನ ೧೨೫ನೆಯ ಒಂದು ಭಾಗದ ವೇಗ ಸಾಧ್ಯವಾಯಿತು. ನಿಕಾನ್ ಎಫ್ ಕ್ಯಾಮರಾದಲ್ಲಿ ಅದು ೬೦ನೆಯ ಒಂದು ಭಾಗಕ್ಕೆ ನಿಂತಿತ್ತು.

ಇದಕ್ಕಿಂತ ದೊಡ್ಡ ಮಾತೊಂದುಂಟು. ಕೋಪಾಲ್ ಸ್ಕ್ವೇರ್ ಒಡಲಿನಲ್ಲಿ ಹೆಣೆದುಕೊಂಡ ಷಟರಲ್ಲ, ತನ್ನಷ್ಟಕ್ಕೆ ಪೂರ್ಣವಾದ ಒಂದು ಘಟಕ. ಅದನ್ನು ಕ್ಯಾಮರಾದೊಳಗೆ ಕೂಡಿಸುವ ಮೊದಲೇ ಮೇಜಿನ ಮೇಲಿಟ್ಟು ಓಡಿಸಿ, ವೇಗಗಳನ್ನು ಅಳೆದು, ಸರಿಯಿಲ್ಲದಿದ್ದರೆ ಹಿಂದಿರುಗಿಸಬಹುದು. ಕಾಂಪೂರ್ ಷಟರಿಗೆ ೧೯೧೨ರಿಂದ ಇದ್ದ ಅನುಕೂಲ ಫಿಲ್ಮಿನ ಮುಂದೆ ಓಡುವ ಷಟರಿಗೆ ಈಗ ಒದಗಿತು. ಲೈಕಾದ ಸ್ವಾವಲಂಬನೆಗೆ ಆಧಾರವಾಗಿದ್ದ ಯಂತ್ರಕಾರಣ ಇಲ್ಲಿಗೆ ಸಡಿಲವಾಯಿತು.

ನಿಕ್ಕೋರೆಕ್ಸ್ ಎಫ್ ಒಳ್ಳೆಯ ಹೆಸರು ಪಡೆಯಲಿಲ್ಲ. ಒರಟು, ಭಾರ, ಸದ್ದು ಹೆಚ್ಚು ಎಂಬ ಮಾತುಗಳು ಅದನ್ನು ಬೆಂಬತ್ತಿದುವು. ೧೯೬೫ರಲ್ಲಿ ನಿಪ್ಪಾನ್ ಕೊಗಾಕು ಅದರ ಸ್ಥಾನಕ್ಕೆ ನಿಕ್ಕೋರ್‌ಮ್ಯಾಟ್ ಎಂಬ ಕ್ಯಾಮರಾವನ್ನು ತಂದಿತು. ಈ ಬಾರಿ ಒಡಲಿನ ತಯಾರಿಕೆಯನ್ನು ತನ್ನ ಮನೆಗೇ ತಂದುಕೊಂಡಿತು. ಷಟರನ್ನು ಮಾತ್ರ ಹೊರಗೇ ಬಿಟ್ಟಿತು. ಅದು ಅದೇ ಕೋಪಾಲ್ ಸ್ಕ್ವೇರ್ ಕುಲದ್ದು. ನಿಕ್ಕೋರ್‌ಮ್ಯಾಟ್ ಗಟ್ಟಿತನಕ್ಕೆ ಹೆಸರುವಾಸಿಯಾಯಿತು. ಇತಿಹಾಸ ಇಷ್ಟು ಶುದ್ಧವಾದ ಪ್ರಯೋಗವನ್ನು ನಮಗೆ ಒದಗಿಸಿಕೊಡುವುದು ಅಪರೂಪ: ಮಸೂರ ಒಂದೇ, ಷಟರಿನ ಕುಲ ಒಂದೇ, ಒಡಲು ಮಾತ್ರ ಬೇರೆ. ನಡುವಣ ಮೂರು ವರ್ಷಗಳಲ್ಲಿ ಷಟರೂ ಸುಧಾರಿಸಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿದರೂ, ಹೊರಗಿನ ಷಟರೇ ದೋಷದ ಮೂಲವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮಾಮಿಯಾ ಅಸಮರ್ಥವೆಂದೂ ಇದರಿಂದ ಸಿದ್ಧವಾಗುವುದಿಲ್ಲ. ತನ್ನ ಸ್ವಂತ ಹೆಸರಿನಲ್ಲಿ ಅದು ಉತ್ತಮ ಕ್ಯಾಮರಾಗಳನ್ನು ಮಾಡಿದೆ. ಇಡೀ ಯಂತ್ರವನ್ನು ಪರರಿಗೆ ಒಪ್ಪಿಸಿದಾಗ ಕೈಯಲ್ಲಿ ಉಳಿಯುವುದು ಕೊನೆಯ ತನಿಖೆಯೊಂದೇ. ಒಂದು ಘಟಕವನ್ನು ಮಾತ್ರ ಒಪ್ಪಿಸಿದಾಗ ಅದನ್ನು ಅಳೆಯುವ, ತಿದ್ದಿಸುವ, ತಿರಸ್ಕರಿಸುವ ಅವಕಾಶ ಕೊಳ್ಳುವವನಲ್ಲಿಯೇ ಉಳಿಯುವುದು. ೧೯೭೭ರ ನಿಕಾನ್ ಎಫ್.ಎಂ. ಕ್ಯಾಮರಾದಲ್ಲಿಯೂ ಕೋಪಾಲ್ ಷಟರೇ ಇತ್ತು. ಅಷ್ಟು ಹೊತ್ತಿಗೆ ಅದನ್ನು ಯಾರೂ ಕೊರತೆಯೆಂದು ಎಣಿಸುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಗಾಳಿ ತಿರುಗಿತು. ಜೈಸ್ ಇಕಾನ್ ಕ್ಯಾಮರಾ ತಯಾರಿಕೆಯನ್ನು ನಿಲ್ಲಿಸಿತು. ಜೈಸ್ ಸಂಸ್ಥೆ ಯಾಶಿಕಾದೊಡನೆ ಕೈಜೋಡಿಸಿ ೧೯೭೪ರಲ್ಲಿ ಕಾಂಟಾಕ್ಸ್ ಆರ್.ಟಿ.ಎಸ್. ಕ್ಯಾಮರಾವನ್ನು ಪ್ರಕಟಿಸಿತು. ಅದರ ಮಸೂರಗಳ ವಿನ್ಯಾಸ ಜೈಸ್ ಸಂಸ್ಥೆಯದು, ಅವುಗಳಲ್ಲಿ ಹಲವನ್ನು ತಯಾರಿಸಿದುದು ಅದೇ ತೊಮಿಯೋಕಾ. ತನ್ನ ಹೆಸರನ್ನು ಕೊಡುವ ಮೊದಲು ಜೈಸ್ ತನ್ನ ಪರೀಕ್ಷಾವಿಧಾನವನ್ನು ಜಪಾನಿಗೆ ಕೊಂಡೊಯ್ದಿತು. ಸ್ವಾವಲಂಬನೆಗೆ ಹೆಸರಾದ ಲೈಟ್ಸ್ ಸಂಸ್ಥೆಯೂ ೧೯೭೨ರಲ್ಲಿ ಮಿನೋಲ್ಟಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಬಂದ ಲೈಕಾ ಸಿ.ಎಲ್. ಜಪಾನಿನಲ್ಲಿ ತಯಾರಾಯಿತು. ೧೯೭೬ರ ಲೈಕಾ ಆರ್.೩ ಮಿನೋಲ್ಟಾದ ಎಕ್ಸ್.ಇ. ಕ್ಯಾಮರಾವನ್ನು ಆಧರಿಸಿದುದು, ಅದರಲ್ಲಿದ್ದುದು ಕೋಪಾಲ್ ಮತ್ತು ಲೈಟ್ಸ್ ಕೂಡಿ ರೂಪಿಸಿದ ಷಟರ್. ಯೋಶಿದಾ ಲೈಕಾವನ್ನು ಬಿಚ್ಚಿ ನೋಡಿದ ನಾಲ್ಕೇ ದಶಕಗಳಲ್ಲಿ ಲೈಕಾವನ್ನು ಬಿಚ್ಚಿದರೆ ಒಳಗೆ ಜಪಾನಿನ ಷಟರ್ ಕಾಣುವಂತಾಯಿತು.

ರೋಲಿ ಸಂಸ್ಥೆ ಈ ದಾರಿಯನ್ನು ಹಿಡಿಯಲಿಲ್ಲ. ಪರರ ಸಂಸ್ಥೆಗೆ ಕೆಲಸ ಒಪ್ಪಿಸುವ ಬದಲು ಅದು ತನ್ನದೇ ಕಾರ್ಖಾನೆಯನ್ನು ಕೂಲಿ ಅಗ್ಗವಾಗಿದ್ದ ಸಿಂಗಪುರದಲ್ಲಿ ೧೯೭೦ರಲ್ಲಿ ತೆರೆಯಿತು. ೧೯೬೬ರಲ್ಲಿ ಬೆಳಕಿಗೆ ಬಂದ, ಹೈನ್ಸ್ ವಾಸ್ಕೆ ರೂಪಿಸಿದ ಪುಟ್ಟ ಕ್ಯಾಮರಾ ರೋಲಿ ೩೫ರ ತಯಾರಿಕೆ ಕ್ರಮೇಣ ಅಲ್ಲಿಗೆ ಸ್ಥಳಾಂತರವಾಯಿತು. ಯಂತ್ರದ ವಿನ್ಯಾಸ ಅದೇ, ಆಡಳಿತವೂ ಅದೇ. ಆದರೂ ವಿಪರೀತ ವಿಸ್ತರಣೆ ಮತ್ತು ಸಾಲದ ಭಾರದಿಂದ ಸಂಸ್ಥೆ ೧೯೮೧ರಲ್ಲಿ ದಿವಾಳಿಯಾಯಿತು, ಸಿಂಗಪುರದ ಕಾರ್ಖಾನೆಯೂ ಮುಚ್ಚಿತು. ಸೋತುದು ಲೆಕ್ಕಪುಸ್ತಕವೇ ಹೊರತು ಅಲ್ಲಿನ ಕೆಲಸಗಾರರ ಕೈಯಲ್ಲ. ಹಳೆಯ ಕ್ಯಾಮರಾಗಳ ವ್ಯಾಪಾರದಲ್ಲಿ ಮಾತ್ರ ಜರ್ಮನಿಯೆಂದು ಮುದ್ರೆ ಬಿದ್ದ ರೋಲಿ ೩೫ಕ್ಕೆ ಸಿಂಗಪುರದ ಮುದ್ರೆಯದಕ್ಕಿಂತ ಹೆಚ್ಚಿನ ಬೆಲೆ ಇಂದಿಗೂ ಇದೆ. ಎರಡನ್ನೂ ಬಿಚ್ಚಿ ಅಕ್ಕಪಕ್ಕದಲ್ಲಿಟ್ಟು ನೋಡಿ ಕೊಳ್ಳುವವರು ಬಹಳ ಮಂದಿಯಿಲ್ಲ.